ಕಿಮೊನೊ ಅಂಚಿನ ಬಿಳಿ ದಾರ

ಎಂಬಕಸಿ

ನೈರೋಬಿಯ ಎಂಬಕಸಿ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ತೆರೆಸಿದಾಗ ಮೊದಲು ಹೊರಗೆ ಬಿದ್ದದ್ದು ಚಟ್ನಿಪುಡಿಯಲ್ಲ, ಅರವತ್ತು ಬಣ್ಣದ ದಾರದ ಉಂಡೆಗಳು. ಅದರ ಹಿಂದೆಯೇ ಒಂದು ಸುರುಳಿ ಫಾಲ್ ಬಟ್ಟೆ, ಕುಚ್ಚು ಕಟ್ಟುವ ರೇಷ್ಮೆ ಎಳೆ, ಮೂರು ಡಬ್ಬಿ ಸೂಜಿ. ಸುಂಕದ ಮೇಜಿನ ಹಿಂದೆ ನಿಂತಿದ್ದ ಹೆಂಗಸು ಒಂದೊಂದನ್ನೇ ಎತ್ತಿ ನೋಡಿ, "ಟೇಲರ್?" ಎಂದು ಕೇಳಿದಳು.

"ನೋ ಟೇಲರ್. ನೋ ಕಟಿಂಗ್. ಓನ್ಲಿ ಫಿನಿಶಿಂಗ್," ಎಂದೆ.

ಇಷ್ಟು ಖಂಡಿತವಾಗಿ ಹೇಳುವ ಅಗತ್ಯ ಇರಲಿಲ್ಲ. ಆದರೆ ಮೈಸೂರಿನ ಅಗ್ರಹಾರದಲ್ಲಿ ಇಪ್ಪತ್ತೆಂಟು ವರ್ಷದಿಂದ ಸೀರೆಗೆ ಫಾಲ್ ಹಚ್ಚುತ್ತ, ಸೆರಗಿಗೆ ಕುಚ್ಚು ಕಟ್ಟುತ್ತ, ಹರಿದ ಕಡೆ ರಫು ಮಾಡುತ್ತ ಬಂದವಳು ನಾನು. ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವವರನ್ನು ಕಂಡರೆ ಒಳಗೊಳಗೇ ಸ್ವಲ್ಪ ತಾತ್ಸಾರ. ನನ್ನ ಕೈಗೆ ಬಂದ ಬಟ್ಟೆ ಬಂದದ್ದಕ್ಕಿಂತ ಚೆನ್ನಾಗಿ ವಾಪಸ್ ಹೋಗುತ್ತದೆ ಎಂಬ ಜಂಬವೂ ಇತ್ತು. ಇತ್ತು ಎಂದು ಯಾಕೆ ಬರೆದೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಆಕೆ ನಕ್ಕು, ಉಂಡೆಗಳನ್ನು ನನಗಿಂತ ಅಚ್ಚುಕಟ್ಟಾಗಿ ಜೋಡಿಸಿಟ್ಟು, "ಕರೀಬು" ಎಂದು ಸ್ವಾಗತಿಸಿ ಕಳಿಸಿದಳು. ಹೊರಗೆ ಬರುವ ಅವಸರದಲ್ಲಿ ಸಾಮಾನಿನ ಗಾಡಿಯನ್ನು ನನ್ನದೇ ಕಾಲಿನ ಮೇಲೆ ಹತ್ತಿಸಿಕೊಂಡೆ. ಪಕ್ಕದಲ್ಲಿ ಹೋಗುತ್ತಿದ್ದ ಗುರುತು ಪರಿಚಯವಿಲ್ಲದ ಗಂಡಸು ನಿಂತು, "ಪೋಲೆ, ಮಾಮಾ" ಎಂದ. ಮಾಮಾ ಎಂದರೆ ಇಲ್ಲಿ ಅಮ್ಮ; ಅಯ್ಯೋ ಪಾಪ, ಕ್ಷಮಿಸಿ ಎಂಬುದಕ್ಕೆಲ್ಲ ಪೋಲೆ ಎಂಬ ಒಂದೇ ಮಾತು. ಎಡವಿದವಳು ನಾನು, ನೋವಾದದ್ದು ನನಗೆ, ಕ್ಷಮೆ ಕೇಳುವವನು ಅವನು. ನಮ್ಮ ಕಡೆಯಾಗಿದ್ದರೆ 'ನೋಡ್ಕೊಂಡ್ ಹೋಗ್ಬಾರದೇನ್ರೀ' ಅನ್ನುತ್ತಿದ್ದರು.

ರಿವರ್‌ಸೈಡ್, ನಾಲ್ಕನೇ ಮಹಡಿ

ನನ್ನ ಅಕ್ಕನ ಮಗಳು ಸ್ಮಿತಾ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದು ಇಲ್ಲಿ ಮೂರು ವರ್ಷವಾಗಿದೆ. ಮನೆ ರಿವರ್‌ಸೈಡ್‌ನಲ್ಲಿ, ಆಫೀಸು ಪಕ್ಕದ ವೆಸ್ಟ್‌ಲ್ಯಾಂಡ್ಸ್‌ನಲ್ಲಿ. "ಚಿಕ್ಕಮ್ಮ, ಒಂದು ತಿಂಗಳು ಬಂದು ಕಂಪ್ಲೀಟ್ ರೆಸ್ಟ್ ತಗೊಳ್ಳಿ" ಎಂದು ಟಿಕೆಟ್ ಕಳಿಸಿದವಳು, ನಾನು ಬಂದ ಮಾರನೇ ದಿನವೇ ಸೋಫಾದ ಮೇಲೆ ಹನ್ನೆರಡು ಸೀರೆ ಹರಡಿದಳು.

"ಇದೇನೇ ಇದು?"

"ಜಸ್ಟ್ ಹನ್ನೆರಡೇ ಚಿಕ್ಕಮ್ಮ. ನಂದು ಐದು, ಮಿಕ್ಕಿದ್ದು ಫ್ರೆಂಡ್ಸ್‌ದು. ಇಲ್ಲಿ ಫಾಲ್ ಹಾಕೋರು ಸಿಕ್ಕಲ್ಲ. ನೀವು ಹೆಂಗೂ ಸುಮ್ನೆ ಕೂರೋರಲ್ವಲ್ಲ."

ಆ ಮಾತು ನಿಜವಾದ್ದರಿಂದ ಬೈಯಲಾಗಲಿಲ್ಲ. ಊಟದ ಮೇಜೇ ನನ್ನ ಅಂಗಡಿಯಾಯಿತು. ಸ್ಮಿತಾಳ ಎಂಟು ವರ್ಷದ ಮಗಳು ಇರಾ ಸ್ಕೂಲಿನಿಂದ ಬಂದು ಎದುರು ಕೂರುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಇಂಗ್ಲಿಷಿನಲ್ಲಿ. ಮನೆಗೆಲಸದ ಗ್ರೇಸ್ ಮಾತ್ರ ನನ್ನ ಕನ್ನಡಕ್ಕೆ ಸ್ವಾಹಿಲಿಯಲ್ಲಿ ಉತ್ತರಿಸುತ್ತಿದ್ದಳು. ನಮ್ಮಿಬ್ಬರ ನಡುವೆ ಯಾವತ್ತೂ ಗೊಂದಲವಾಗಲಿಲ್ಲ.

ಫೆಬ್ರವರಿಯ ಬಿಸಿಲು ಮೈಸೂರಿನ ಬಿಸಿಲಿನ ಹಾಗೇ ಇತ್ತು. ಚುರುಕು, ಆದರೆ ನೆರಳಿಗೆ ಬಂದರೆ ತಂಪು. ಮೂರನೇ ದಿನ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಮೇಲಿನ ಮನೆಯ ಬಾಲ್ಕನಿಯಿಂದ ಬೂದುಬಣ್ಣದ ಬಟ್ಟೆಯೊಂದು ಇಳಿಬಿದ್ದು ಗಾಳಿಗೆ ಆಡುತ್ತಿರುವುದು ಕಾಣಿಸಿತು. ರೇಷ್ಮೆ. ಅದೂ ಹುರಿ ಹೆಚ್ಚಿರುವ ಕ್ರೇಪ್ ರೇಷ್ಮೆ. ಅಷ್ಟು ದೂರದಿಂದಲೂ ಅದು ಬೀಳುವ ರೀತಿ ನೋಡಿದರೆ ನನಗೆ ಗೊತ್ತಾಗುತ್ತದೆ.

"ಇರಾ, ಮೇಲಿನ ಮನೇಲಿ ಯಾರೋ ಮೈಸೂರು ಸಿಲ್ಕ್ ಒಣಗಿಸ್ತಿದಾರೆ ನೋಡೇ."

ಇರಾ ಕತ್ತೆತ್ತಿ ನೋಡಿದಳು. "ಚಿಕ್ಕಜ್ಜಿ, ದಟ್ಸ್ ನಾಟ್ ಎ ಸಾರಿ. ದಟ್ಸ್ ಹಿಸಾಕೊ ಆಂಟೀಸ್ ಕಿಮೊನೊ."

ಐದನೇ ಮಹಡಿ

ಕರೆಯದೆ ಒಬ್ಬರ ಮನೆಗೆ ಹೋಗುವುದು ಸರಿಯಲ್ಲವೆಂದು ಸ್ಮಿತಾ ಹೇಳಿದಳು. ಎರಡು ಕೋಡುಬಳೆ ಡಬ್ಬಿಗೆ ಹಾಕಿಕೊಂಡು ಹೋದೆ.

ಹಿಸಾಕೊ ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಸಣ್ಣ ಆಳು, ನೆಟ್ಟನೆಯ ಬೆನ್ನು. ಜಪಾನಿನಿಂದ ಎರಡು ವರ್ಷ ಗಣಿತ ಪಾಠ ಹೇಳಿ ಹೋಗಲೆಂದು ಬಂದು, ಇಲ್ಲಿಯವರೇ ಆದ ಇಂಜಿನಿಯರೊಬ್ಬರನ್ನು ಮದುವೆಯಾಗಿ ಉಳಿದುಬಿಟ್ಟವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ನಿಧಾನವಾಗಿ, ಒಂದೊಂದು ಮಾತನ್ನೂ ತೂಗಿ ಇಂಗ್ಲಿಷ್ ಆಡುತ್ತಿದ್ದರು. ನನ್ನ ಇಂಗ್ಲಿಷೂ ನಿಧಾನವೇ, ಆದರೆ ತೂಗಿ ಆಡುವುದರಿಂದಲ್ಲ.

ವರ್ಷಕ್ಕೊಮ್ಮೆ ಒಣಹವೆಯಲ್ಲಿ ಕಿಮೊನೊಗಳನ್ನು ಕಾಗದದ ಹೊದಿಕೆಯಿಂದ ತೆಗೆದು ನೆರಳಿನಲ್ಲಿ ಗಾಳಿಗೆ ಹಾಕುತ್ತಾರಂತೆ. ನಾವು ಪಟ್ಟೆಸೀರೆಗಳ ಮಡಿಕೆ ಬದಲಿಸಿ ಗಾಳಿಯಾಡಿಸುವುದಿಲ್ಲವೇ, ಹಾಗೇ. ಮನೆ ತುಂಬ ಬಿದಿರ ಕೋಲುಗಳಿಗೆ ಐದಾರು ಕಿಮೊನೊ ತೋಳು ಚಾಚಿ ನಿಂತಿದ್ದವು. ಹಳೆಯವುಗಳಲ್ಲಿ ಬಾಣದ ಗರಿಗಳ ಸಾಲು, ಸೇವಂತಿಗೆ, ಕೊಕ್ಕರೆ, ಎಲ್ಲ ಲೆಕ್ಕವಿಟ್ಟ ಹಾಗೆ ಒಂದರ ಪಕ್ಕ ಒಂದು. ನಮ್ಮ ರುದ್ರಾಕ್ಷಿ ಅಂಚು, ಗೋಪುರದ ಅಂಚಿನ ಶಿಸ್ತೇ ಅಲ್ಲೂ ಇತ್ತು.

ಬೂದುಬಣ್ಣದ್ದು ಮಾತ್ರ ಬೇರೆ ಜಾತಿ. ಎಡಭುಜದಿಂದ ಬಲಗಾಲಿನ ಅಂಚಿನ ತನಕ ದೊಡ್ಡ ದೊಡ್ಡ ವೃತ್ತಗಳು ಯಾರೋ ಬೇಕಾಬಿಟ್ಟಿ ಉರುಳಿಸಿದ ಹಾಗೆ ಇಳಿದಿದ್ದವು. ಮಿಕ್ಕ ಅರ್ಧ ಬಟ್ಟೆ ಬರಿದು. ಹತ್ತಿರ ಹೋಗಿ ನೋಡಿದರೆ ಪ್ರತಿ ವೃತ್ತದೊಳಗೂ ಹಳೆಯ ಕಾಲದ ಚಿತ್ತಾರ. ಒಂದರಲ್ಲಿ ದೇವದಾರು, ಒಂದರಲ್ಲಿ ಆರು ಮೂಲೆಯ ಎಲೆ, ಇನ್ನೊಂದರಲ್ಲಿ ಒಂದರ ಮೇಲೊಂದು ಕೂತ ಅರ್ಧಚಂದ್ರಗಳು.

"ಇದು ಹಂಚಿನ ಮಾಡು," ಎಂದೆ.

"ಅಲ್ಲ. ಸಮುದ್ರದ ಅಲೆ," ಎಂದರು ಹಿಸಾಕೊ.

"ನಮ್ಮೂರಲ್ಲಿ ಸಮುದ್ರ ಇಲ್ಲ."

ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕಡೆಯ ವೃತ್ತದೊಳಗೆ ಏನೂ ಇರಲಿಲ್ಲ, ಬರಿಯ ಗೆರೆ. ಬಣ್ಣ ಹಾಕುವವನು ಮರೆತನೇ ಎಂದು ಕೇಳಿದೆ. ಇಲ್ಲ, ಆ ಕಾಲದ ಹೊಸ ಶೈಲಿ ಅದು, ಬೇಕೆಂದೇ ಖಾಲಿ ಬಿಟ್ಟದ್ದು ಎಂದರು. ನನ್ನ ಕಣ್ಣು ಮಾತ್ರ ಹೊಲಿಗೆಯ ಮೇಲಿತ್ತು. ವೃತ್ತವೊಂದು ಬೆನ್ನಿನಿಂದ ತೋಳಿಗೆ ಸಾಗಿದ್ದರೂ ಕೂಡುಗೆರೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬಟ್ಟೆಯನ್ನು ಮೊದಲು ಕಚ್ಚಾ ಹೊಲಿದು, ಅದರ ಮೇಲೆ ಚಿತ್ರದ ಗೆರೆ ಎಳೆದು, ಬಿಚ್ಚಿ, ಬಣ್ಣ ಹಾಕಿ, ಮತ್ತೆ ಹೊಲಿಯುತ್ತಾರಂತೆ. ಕೊರಳು, ಕಂಕುಳು, ಎಲ್ಲೂ ಬಳಸಿ ಕತ್ತರಿಸಿದ್ದಿಲ್ಲ. ಎಲ್ಲ ನೇರ ಪಟ್ಟಿಗಳು. ಬಿಚ್ಚಿ ಜೋಡಿಸಿದರೆ ಮತ್ತೆ ಒಂದು ತಾನು ಬಟ್ಟೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ಕತ್ತರಿ ಹಾಕಿದವರ ಬಗ್ಗೆ ನನಗೆ ಗೌರವ ಬಂತು.

"ಹೊಲಿದದ್ದು ಯಾರು?"

"ನನ್ನ ಅಮ್ಮ," ಎಂದು ಹೇಳಿ ಮಾತು ಬದಲಿಸಿದರು.

ಕೆಳಗಿನ ಅಂಚಿನ ಬಳಿ ಹುಳು ತಿಂದು ಕಡಲೆಬೇಳೆಯಷ್ಟು ತೂತಾಗಿತ್ತು. ಈ ಸಲ ತೆಗೆದಾಗ ಕಂಡದ್ದು ಎಂದರು. ಆ ತೂತನ್ನು ಅವರು ಬೆರಳಿನಿಂದ ಮುಚ್ಚಿ ಮುಚ್ಚಿ ನೋಡುವುದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಫೋನಿನಲ್ಲಿದ್ದ ನನ್ನ ರಫು ಕೆಲಸದ ಫೋಟೋಗಳನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು. ನಲವತ್ತು ವರ್ಷದಲ್ಲಿ ಇದನ್ನು ಯಾರ ಕೈಗೂ ಕೊಟ್ಟಿಲ್ಲ ಎಂದು ಹೇಳಿ, ಕಿಮೊನೊವನ್ನು ಮಡಿಸಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು.

ಊಟದ ಮೇಜು

ರಫುವಿಗೆ ಅದೇ ಬಟ್ಟೆಯ ಎಳೆ ಬೇಕು. ಒಳಗೆ ಮಡಿಚಿ ಬಿಟ್ಟಿದ್ದ ಹೆಚ್ಚುವರಿ ಬಟ್ಟೆಯ ತುದಿಯಿಂದ ಏಳೆಂಟು ಎಳೆ ಬಿಡಿಸಿಕೊಂಡು ಎರಡು ದಿನ ಕೂತು ಮುಚ್ಚಿದೆ. ಗ್ರೇಸ್ ಬಂದು ಹುಡುಕಿ, ತೂತು ಎಲ್ಲಿತ್ತೆಂದು ಸಿಗದೆ, "ಆಯ್!" ಎಂದು ನನ್ನ ಭುಜ ತಟ್ಟಿದಳು. ಜಂಬ ಇನ್ನೂ ಒಂದು ಸುತ್ತು ದಪ್ಪವಾಯಿತು.

ಆಮೇಲೆ ಕಂಡದ್ದು ಬಿಳಿ ದಾರ. ಕೊರಳಪಟ್ಟಿ, ಮುಂದಿನ ಅಂಚು, ಕೆಳಗಿನ ಅಂಚು, ತೋಳಿನ ಬಾಯಿ, ಎಲ್ಲ ಕಡೆ ಸಣ್ಣ ಬಿಳಿ ದಾರದ ಕಚ್ಚಾ ಹೊಲಿಗೆ ಹಾಗೇ ಉಳಿದಿತ್ತು. ನಮ್ಮ ಕೆಲಸದಲ್ಲಿ ಕಚ್ಚಾ ದಾರ ಗಿರಾಕಿಯ ಕಣ್ಣಿಗೆ ಬಿದ್ದರೆ ಅದಕ್ಕಿಂತ ಅವಮಾನವಿಲ್ಲ. ಪಕ್ಕಾ ಹೊಲಿಗೆ ಮುಗಿದ ಮೇಲೆ ಅದನ್ನು ತೆಗೆದೇ ಬಟ್ಟೆ ಕೊಡಬೇಕು. ಪಾಪ, ಅವರಮ್ಮ ಮರೆತಿರಬೇಕು, ಇವರಿಗೆ ಕಣ್ಣು ಸಾಲದಿರಬೇಕು ಅಂದುಕೊಂಡೆ. ಕೇಳಬೇಕೆಂದು ಹೊಳೆಯಲೇ ಇಲ್ಲ. ಮೇಲಿನ ಮಹಡಿಗೆ ಹದಿನೆಂಟು ಮೆಟ್ಟಿಲು.

ಖುಷಿಯಿಂದಲೇ ಒಂದೊಂದಾಗಿ ಎಳೆದೆ. ಒಳ್ಳೆಯ ರೇಷ್ಮೆ ದಾರ ಎಸೆಯಲು ಮನಸ್ಸು ಬರದೆ ರಟ್ಟಿನ ಚೂರಿಗೆ ಸುತ್ತುತ್ತ ಬಂದೆ. ಎಡತೋಳಿನ ತುದಿಗೆ ಬಂದಾಗ ಕರೆಗಂಟೆ ಆಯಿತು. ಇರಾ ಮಂಡಿ ತರಚಿಕೊಂಡು ಬಂದಿದ್ದಳು. ಅವಳ ಮಂಡಿ ತೊಳೆದು, ಗ್ರೇಸ್ ಹತ್ತು ಸಲ ಪೋಲೆ ಹೇಳಿ ಮುಗಿಸಿದ ಮೇಲೆ ಬಂದು ಕಿಮೊನೊ ಮಡಿಸಿದೆ. ಸಂಜೆಯೇ ಮೇಲೆ ಹೋಗಿ ಕೊಟ್ಟೆ.

ಹಿಸಾಕೊ ಮೊದಲು ರಫು ನೋಡಿದರು. ಬೆರಳಾಡಿಸಿ, ತಲೆ ಬಗ್ಗಿಸಿ ವಂದಿಸಿದರು. ಆಮೇಲೆ ಅವರ ಕೈ ಕೊರಳಪಟ್ಟಿಗೆ ಹೋಯಿತು. ಅಲ್ಲಿಂದ ಅಂಚಿಗೆ ಬಂದು ನಿಂತಿತು.

"ದಾರ?" ಎಂದರು.

"ತೆಗೆದುಬಿಟ್ಟೆ! ಈಗ ನೀಟಾಗಿದೆ ಅಲ್ವಾ?" ಎಂದು ನಾನೇ ಹೇಳಿಕೊಂಡೆ.

ಅವರು ಕೂಗಾಡಲಿಲ್ಲ. ಚಹಾ ಮಾಡಿ, ಜಪಾನಿನ ಪುಟ್ಟ ಬಟ್ಟಲಿಗೆ ಕೀನ್ಯಾದ ಹಾಲು ಬೆರೆಸಿದ ಚಹಾ ಸುರಿದು ನನ್ನ ಮುಂದಿಟ್ಟ ಮೇಲೆ ಹೇಳಿದರು. ಹೊಸ ಕಿಮೊನೊಗೆ ಆ ಬಿಳಿ ದಾರ ಹಾಕಿಯೇ ಕೊಡುತ್ತಾರೆ. ಅದು ಇದ್ದರೆ ಇನ್ನೂ ಯಾರೂ ಉಟ್ಟಿಲ್ಲ ಎಂದು ಅರ್ಥ. ಮೊದಲ ಸಲ ಉಡುವ ದಿನ ತೆಗೆಯುವುದು. ಇವರು ಇಲ್ಲಿಯವರನ್ನು ಮದುವೆಯಾದದ್ದು ಅಮ್ಮನಿಗೆ ಇಷ್ಟವಿರಲಿಲ್ಲ. ಮದುವೆಗೆ ಬರಲಿಲ್ಲ, ಪತ್ರಕ್ಕೆ ಉತ್ತರ ಬರೆಯಲಿಲ್ಲ. ಮೂರು ವರ್ಷದ ಮೇಲೆ ಒಂದು ಪಾರ್ಸೆಲ್ ಬಂತು. ಒಳಗೆ ಈ ಕಿಮೊನೊ, ಒಂದು ಸಾಲಿನ ಕಾಗದವೂ ಇರಲಿಲ್ಲ. ಕರ್ತವ್ಯಕ್ಕೆ ಹೊಲಿದು ಕಳಿಸಿದಳೋ, ಮನಸ್ಸಿನಿಂದ ಕಳಿಸಿದಳೋ ತಿಳಿಯದೆ ಇವರು ಸಿಟ್ಟಿನಿಂದ ಎತ್ತಿಟ್ಟರು. ಮರುವರ್ಷ ಅಮ್ಮ ತೀರಿಕೊಂಡರು. ಆಮೇಲೆ ಆ ದಾರ ಎಳೆಯಲು ಕೈ ಬರಲಿಲ್ಲ.

"ಅಮ್ಮನ ಕೈಯ ಹೊಲಿಗೆ ಕಣ್ಣಿಗೆ ಕಾಣುತ್ತಿದ್ದದ್ದು ಅಷ್ಟೇ," ಎಂದರು. "ಉಳಿದದ್ದೆಲ್ಲ ಒಳಗಿದೆ."

ಇಂಥ ಕಡೆ ಹೇಳುವ ಮಾತು ನನ್ನ ಇಂಗ್ಲಿಷಿನಲ್ಲಿ ಇರಲಿಲ್ಲ. "ಪೋಲೆ," ಎಂದೆ. ಬಹಳ ಎಂಬುದನ್ನೂ ಸೇರಿಸಿ, "ಪೋಲೆ ಸಾನಾ." ಈ ಊರಿಗೆ ಬಂದು ಕಲಿತ ಮೊದಲ ಮಾತು ಅದು. ಎಲ್ಲರೂ ಮಾಡದ ತಪ್ಪಿಗೆ ಹೇಳುವುದನ್ನು ನಾನು ಮಾಡಿದ್ದಕ್ಕೆ ಹೇಳಬೇಕಾಯಿತು.

ರಟ್ಟಿನ ಚೂರು

ಎರಡು ದಿನ ಸೂಜಿ ಮುಟ್ಟಲಿಲ್ಲ. "ಬಿಡಿ ಚಿಕ್ಕಮ್ಮ, ನೀವು ಬೇಕೂಂತ ಮಾಡಿದ್ರಾ? ಶಿ ವಿಲ್ ಅಂಡರ್‌ಸ್ಟ್ಯಾಂಡ್," ಎಂದಳು ಸ್ಮಿತಾ. ಅವರಿಗೆ ಅರ್ಥವಾಗುತ್ತದೋ ಇಲ್ಲವೋ ಎಂಬುದು ನನ್ನ ಸಂಕಟವೇ ಅಲ್ಲ. ಅವರು ಬೈಯದೆ ನನಗೆ ಚಹಾ ಕೊಟ್ಟರಲ್ಲ, ಸಂಕಟ ಅದು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಇಪ್ಪತ್ತೆಂಟು ವರ್ಷದಲ್ಲಿ ಯಾರ್ಯಾರ ಸೀರೆಯಿಂದ ಏನೇನು ಕೇಳದೆ ಕಿತ್ತೆಸೆದಿದ್ದೇನೋ ಎಂದು ನೆನೆಸಿಕೊಂಡು ಕೂತೆ.

ಮೂರನೇ ದಿನ ರಟ್ಟಿನ ಚೂರನ್ನು ಕೈಗೆ ತೆಗೆದುಕೊಂಡೆ. ದಾರ ಎಳೆಯುವಾಗ ಕೈಗೆ ತಿಳಿದಿದ್ದ ಒಂದು ವಿಷಯ ಆಗ ತಲೆಗೆ ಹೊಳೆಯಿತು. ಹದಿನೆಂಟು ಮೆಟ್ಟಿಲು ಹತ್ತಿದೆ.

"ಹಿಸಾಕೊ ಅವರೇ, ನಿಮ್ಮಮ್ಮ ಎಡಗೈಯಲ್ಲಿ ಹೊಲಿಯುತ್ತಿದ್ದರಾ?"

ಅವರು ಬಾಗಿಲಲ್ಲೇ ನಿಂತರು. "ಯಾರು ಹೇಳಿದರು ನಿಮಗೆ?"

"ದಾರ. ಬಲಗೈಯವರು ಬಲತುದಿಯಿಂದ ಶುರು ಮಾಡುತ್ತಾರೆ. ಇದರಲ್ಲಿ ಗಂಟೆಲ್ಲ ಎಡತುದಿಯಲ್ಲಿತ್ತು. ನನ್ನ ಜತೆ ಕೆಲಸ ಮಾಡುವ ರುಕ್ಮಿಣಿಯದೂ ಹೀಗೇ."

ಹಿಸಾಕೊ ಒಳಗೆ ಕರೆದರು. ಅಮ್ಮ ಚಿಕ್ಕವಳಿದ್ದಾಗ ಮನೆಯವರು ಹೊಡೆದು ಅವಳಿಗೆ ಬಲಗೈಯಲ್ಲಿ ಬರೆಯಲು ಕಲಿಸಿದ್ದರಂತೆ. ಯಾರೂ ನೋಡದಿರುವಾಗ ಮಾತ್ರ ಅಮ್ಮ ಎಡಗೈಯಲ್ಲಿ ಹೊಲಿಯುತ್ತಿದ್ದರಂತೆ. ಮಗಳನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

"ಇನ್ನೊಂದು ತೋರಿಸುತ್ತೇನೆ, ಕಿಮೊನೊ ಕೊಡಿ," ಎಂದೆ. ಈ ಸಲ ಕೇಳಿಯೇ ಮುಟ್ಟಿದೆ. ಕೊರಳಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ದಾರ ಹೋದ ತೂತುಗಳ ಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲು ತೂತು, ಕಂಡೂ ಕಾಣದ ಹಾಗೆ. "ಒಂದು ಸಲ ಹಾಕಿದ್ದಾರೆ. ನೇರ ಬಂದಿಲ್ಲ ಅನ್ನಿಸಿದೆ. ಪೂರ್ತಿ ಬಿಚ್ಚಿ ಮತ್ತೆ ಹಾಕಿದ್ದಾರೆ. ಮೊದಲನೇದೂ ಹೆಚ್ಚು ಸೊಟ್ಟವಿಲ್ಲ, ನೋಡಿ. ನಾನಾಗಿದ್ದರೆ ಹಾಗೇ ಬಿಡುತ್ತಿದ್ದೆ. ಹೇಗೂ ಒಂದು ದಿನ ತೆಗೆದು ಬಿಸಾಡುವ ದಾರ. ಕಳಿಸಬೇಕಲ್ಲ ಎಂದು ಕಳಿಸುವವರು ಅದಕ್ಕೆ ಎರಡು ಸಲ ಕೂರುವುದಿಲ್ಲ. ಇದು ನನ್ನ ಕೆಲಸ, ಇದರಲ್ಲಿ ನಾನು ಸುಳ್ಳು ಹೇಳುವುದಿಲ್ಲ."

ಅವರು ಆ ಎರಡು ಸಾಲುಗಳ ಮೇಲೆ ತುದಿಯಿಂದ ತುದಿಗೆ ಉಗುರು ಆಡಿಸಿದರು. ರಟ್ಟಿನ ಚೂರು ಮುಂದಿಟ್ಟು, ಬೇಕಾದರೆ ಅದೇ ತೂತುಗಳಲ್ಲಿ ಮತ್ತೆ ಪೋಣಿಸಿ ಕೊಡುತ್ತೇನೆ ಎಂದೆ.

"ಬೇಡ," ಎಂದರು. "ಪೋಣಿಸಿದರೆ ಅದು ನಿಮ್ಮ ಹೊಲಿಗೆ."

ಅದೂ ಸರಿಯೇ. ರಟ್ಟನ್ನು ಅಲ್ಲೇ ಬಿಟ್ಟು ಇಳಿದು ಬಂದೆ.

ವೆಸ್ಟ್‌ಲ್ಯಾಂಡ್ಸ್ ಕಡೆಗೆ

ನಾನು ಹೊರಡುವ ಮುಂಚಿನ ಭಾನುವಾರ ಬೆಳಿಗ್ಗೆ ಕರೆಗಂಟೆ ಆಯಿತು. ಹಿಸಾಕೊ ನಿಂತಿದ್ದರು. "ಬೆನ್ನ ಹಿಂದಿನ ಪಟ್ಟಿ ಕಟ್ಟಿಕೊಳ್ಳಲು ನನ್ನ ಭುಜ ತಿರುಗುವುದಿಲ್ಲ. ಬರುತ್ತೀರಾ?"

ಕಿಮೊನೊ ಆಳಿಗಿಂತ ಉದ್ದ. ಹೆಚ್ಚಾದ ಉದ್ದವನ್ನು ಸೊಂಟದಲ್ಲಿ ಮಡಿಸಿ ಕಟ್ಟಬೇಕು. ಆ ಮಡಿಕೆ ಕಂಡ ತಕ್ಷಣ ನನ್ನ ಕೈಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಇಪ್ಪತ್ತೆಂಟು ವರ್ಷ ಮದುವಣಗಿತ್ತಿಯರಿಗೆ ನೆರಿಗೆ ಹಿಡಿದವಳು ನಾನು. ಆದರೂ ಪ್ರತಿ ಸಲ "ಎಳೆಯಲಾ? ಬಿಗಿಯಾಯಿತಾ?" ಎಂದು ಕೇಳಿ ಕೇಳಿ ಅವರಿಗೇ ನಗು ಬಂತು. ಕಟ್ಟಿ ಮುಗಿದಾಗ ಆ ಖಾಲಿ ವೃತ್ತ ಸರಿಯಾಗಿ ಅವರ ಬಲ ಮೊಣಕಾಲಿನ ಮೇಲೆ ಬಂದು ನಿಂತಿತ್ತು.

"ಅಮ್ಮ ಉಡುತ್ತಿದ್ದದ್ದೆಲ್ಲ ಬಾಣದ ಗರಿ, ಸೇವಂತಿಗೆ," ಎಂದರು ಕನ್ನಡಿಯಲ್ಲಿ ನೋಡಿಕೊಳ್ಳುತ್ತ. "ಹೊಸದು ಎಂದರೆ ಮುಖ ತಿರುಗಿಸುತ್ತಿದ್ದವಳು. ಅಂಗಡಿಗೆ ಹೋಗಿ ನನಗೋಸ್ಕರ ಇದನ್ನು ಆರಿಸಿದ್ದಾಳೆ. ನಲವತ್ತು ವರ್ಷ ನಾನು ದಾರವನ್ನೇ ನೋಡಿದೆ, ಬಟ್ಟೆ ನೋಡಲಿಲ್ಲ."

ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಸ್ಟುಡಿಯೋ ಒಂದಿದೆ, ಫೋಟೋ ತೆಗೆಸಿ ಅಮ್ಮನ ಫೋಟೋದ ಪಕ್ಕದಲ್ಲಿಡಬೇಕು ಎಂದರು. ಟ್ಯಾಕ್ಸಿ ಕರೆಯುತ್ತೇನೆ ಎಂದ ಸ್ಮಿತಾಳಿಗೆ, ನಲವತ್ತು ವರ್ಷ ಮಟಾಟುವಿನಲ್ಲಿ ಓಡಾಡಿದವಳಿಗೆ ಇವತ್ತೇನು ಟ್ಯಾಕ್ಸಿ ಎಂದು ಹೇಳಿ ಹೊರಟೇಬಿಟ್ಟರು.

ಮಟಾಟು ಎಂದರೆ ನಮ್ಮ ಟೆಂಪೋ ಟ್ರಾವೆಲರ್‌ಗೆ ಮದುವೆ ಮಾಡಿಸಿದ ಹಾಗೆ. ಮೈಯೆಲ್ಲ ಬಣ್ಣ, ಒಳಗೆ ಎದೆ ನಡುಗಿಸುವ ಹಾಡು. ಕಂಡಕ್ಟರು ಗಟ್ಟಿ ದನಿಯ ಹೆಂಗಸು. ಹಿಸಾಕೊ ಅವರನ್ನು ಕಂಡದ್ದೇ, "ಮಾಮಾ! ಮರಿಡಾಡಿ!" ಎಂದು ಕೂಗಿ, ಹಾಡಿನ ಸದ್ದು ತಗ್ಗಿಸಿ, ಮುಂದಿನ ಸೀಟಿನವರನ್ನು ಎಬ್ಬಿಸಿ ನಮ್ಮನ್ನು ಕೂರಿಸಿದಳು. ಮರಿಡಾಡಿ ಎಂದರೆ ಬಹಳ ಚೆಂದ ಎಂದರ್ಥವಂತೆ. ಹಿಸಾಕೊ ಕಿವಿಯ ತನಕ ಕೆಂಪಾದರು.

ತಿರುವಿನಲ್ಲಿ ಗಾಡಿ ವಾಲಿತು. ಅವರು ಎಡಗೈಯೆತ್ತಿ ಮುಂದಿನ ಕಂಬಿ ಹಿಡಿದರು. ಅಗಲವಾದ ತೋಳು ನನ್ನ ಕಣ್ಣೆದುರೇ ಇಳಿಬಿತ್ತು. ಅದರ ಬಾಯಿಯ ಒಳ ಅಂಚಿನಲ್ಲಿ ಗೇಣುದ್ದದ ಬಿಳಿ ದಾರ. ಅಂದು ಇರಾ ಕರೆಗಂಟೆ ಒತ್ತಿದಾಗ ಬಿಟ್ಟುಹೋದದ್ದು.

ನನ್ನ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಅದನ್ನು ಹಿಂದಕ್ಕೆ ತಂದು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೆ.

"ಹಿಸಾಕೊ ಅವರೇ," ಎಂದೆ. "ಒಂದು ಉಳಿದಿದೆ."

ಅವರು ತೋಳು ತಿರುಗಿಸಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಕೈಚೀಲವನ್ನು ನನ್ನ ಮಡಿಲಿಗೆ ಹಾಕಿ, ಅಂಚಿನ ಮೇಲೆ ಬಗ್ಗಿದರು. ಅಷ್ಟರಲ್ಲಿ ವೆಸ್ಟ್‌ಲ್ಯಾಂಡ್ಸ್ ಬಂತು. ಜನ ಇಳಿದರು, ಹತ್ತುವವರು ಬಾಗಿಲಲ್ಲಿ ಕಾದರು. ಕಂಡಕ್ಟರು ನಮ್ಮ ಕಡೆ ಬಗ್ಗಿ, ಇಬ್ಬರು ಮುದುಕಿಯರು ಒಂದು ತೋಳನ್ನು ಹಿಡಿದು ಕೂತಿರುವುದನ್ನು ಕಂಡು, "ಪೋಲೆಪೋಲೆ, ಮಾಮಾ" ಎಂದಳು. ನಿಧಾನಕ್ಕಾಗಲಿ ಎಂದು.

"ಎಡತುದಿಯಲ್ಲಿ ಗಂಟು ಇರುತ್ತದೆ, ನೋಡಿ," ಎಂದೆ.

ಹಿಸಾಕೊ ಗಂಟು ಹುಡುಕಿ, ಉಗುರಿನಿಂದ ಮೀಟಿ, ಎಳೆದರು. ದಾರ ಎಲ್ಲೂ ತುಂಡಾಗದೆ ಒಂದೇ ಎಳೆಯಾಗಿ ಬಂತು. ಅದನ್ನು ಎಡಗೈಯ ಬೆರಳಿಗೆ ಸುತ್ತಿಕೊಂಡು, ಕಂಡಕ್ಟರಿಗೆ "ಅಸಾಂಟೆ" ಎಂದು ಧನ್ಯವಾದ ಹೇಳಿ, ನನಗಿಂತ ಮುಂಚೆ ಇಳಿದು ಹೋದರು. ನನಗೆ ಅಳು ಬಂದು ಮೆಟ್ಟಿಲು ಕಾಣದೆ ಎಡವಿದೆ. ಕಾದಿದ್ದವರೆಲ್ಲ ಒಟ್ಟಿಗೇ "ಪೋಲೆ" ಎಂದರು.